ಮಿದುಳಿನ ರಚನೆ: ಭಾಷೆ, ಅರಿವು, ವರ್ತನೆ

ಮಾತು, ನೆನಪು, ಲೆಕ್ಕಾಚಾರ, ಸಿಟ್ಟು, ಸಂಯಮ ಇವೆಲ್ಲ ಮಿದುಳಿನ ಕೆಲಸಗಳು ಎಂಬ ಬಗ್ಗೆ ಇಂದು ವಿವಾದವಿಲ್ಲ. ಯಾವ ಭಾಗ ಯಾವ ಕೆಲಸವನ್ನು ಎಷ್ಟರ ಮಟ್ಟಿಗೆ ಮಾಡುತ್ತದೆ ಎಂಬ ಚರ್ಚೆ ಮಾತ್ರ ಎರಡು ಶತಮಾನಗಳಿಂದ ನಿಂತಿಲ್ಲ. ಮನುಷ್ಯನ ಒಂದೊಂದು ಗುಣಕ್ಕೂ ತಲೆಯೊಳಗೆ ಒಂದೊಂದು ಜಾಗ ಗೊತ್ತುಮಾಡಬೇಕೆಂಬ ಆಸೆ ಹಳೆಯದು. ಸಂಶೋಧನೆ ಆ ಆಸೆಯನ್ನು ಸ್ವಲ್ಪ ಈಡೇರಿಸಿದೆ, ಬಹಳಷ್ಟು ತಿದ್ದಿದೆ. ಜಾಗಗಳಿಗೆ ಮಹತ್ವವಿದೆ. ಅವುಗಳನ್ನು ಕೂಡಿಸುವ ನರತಂತುಗಳಿಗೂ ಅಷ್ಟೇ ಮಹತ್ವವಿದೆ. ವ್ಯಕ್ತಿ ಬದುಕಿದ ರೀತಿ, ಆಡಿದ ಭಾಷೆ, ಓದಿದ ಲಿಪಿ ಕೂಡ ಈ ರಚನೆಯ ಮೇಲೆ ತಮ್ಮ ಗುರುತು ಬಿಡುತ್ತವೆ.

ರಚನೆಯ ಸ್ಥೂಲ ಪರಿಚಯ

ವಯಸ್ಕರ ಮಿದುಳು ಸುಮಾರು 1.3ರಿಂದ 1.4 ಕಿಲೊ ತೂಗುತ್ತದೆ. ದೇಹದ ತೂಕದಲ್ಲಿ ಇದರ ಪಾಲು ಶೇ. 2ರಷ್ಟಾದರೂ ವಿಶ್ರಾಂತಿಯಲ್ಲಿರುವ ದೇಹ ಖರ್ಚುಮಾಡುವ ಶಕ್ತಿಯಲ್ಲಿ ಸುಮಾರು ಶೇ. 20ರಷ್ಟನ್ನು ಇದೊಂದೇ ಬಳಸುತ್ತದೆ. ಇದರಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವುಗಳಲ್ಲಿ ಬಹುಪಾಲು, ಹತ್ತಿರ ಹತ್ತಿರ 6,900 ಕೋಟಿ, ಇರುವುದು ಹಿಂದಲೆಯ ಕೆಳಗಿರುವ ಅನುಮಸ್ತಿಷ್ಕದಲ್ಲಿ. ಭಾಷೆ, ಯೋಚನೆಗಳ ನೆಲೆಯೆಂದು ನಾವು ಕೊಂಡಾಡುವ ಮಹಾಮಸ್ತಿಷ್ಕದ ಹೊರಪದರದಲ್ಲಿರುವುದು ಸುಮಾರು 1,600 ಕೋಟಿ ಮಾತ್ರ. ಅನುಮಸ್ತಿಷ್ಕಕ್ಕೆ ದೇಹದ ಸಮತೋಲ ಬಿಟ್ಟರೆ ಬೇರೆ ಕೆಲಸವಿಲ್ಲ ಎಂದು ಬಹುಕಾಲ ನಂಬಲಾಗಿತ್ತು. ಅದಕ್ಕೆ ಪೆಟ್ಟುಬಿದ್ದವರಲ್ಲಿ ಯೋಜನಾಶಕ್ತಿ, ಪದಗಳ ಹರಿವು, ಭಾವನೆಗಳ ಹತೋಟಿ ಕೂಡ ಕೆಡಬಹುದೆಂದು 1998ರಲ್ಲಿ ಜೆರೆಮಿ ಶ್ಮಾಮನ್ ಮತ್ತು ಜೊತೆಗಾರರು ತೋರಿಸಿದ ಮೇಲೆ ಆ ನಂಬಿಕೆ ಸಡಿಲವಾಗಿದೆ.

ಮಹಾಮಸ್ತಿಷ್ಕದ ಹೊರಪದರದ ದಪ್ಪ 2ರಿಂದ 4 ಮಿಲಿಮೀಟರ್. ಅದರ ಸುಮಾರು ಮೂರನೇ ಎರಡು ಭಾಗ ಮಡಿಕೆಗಳ ಒಳಗೆ ಅಡಗಿರುತ್ತದೆ. ಬಲ ಮತ್ತು ಎಡ ಅರ್ಧಗೋಳಗಳಲ್ಲಿ ತಲಾ ನಾಲ್ಕು ಹಾಲೆಗಳಿವೆ: ಹಣೆಯ ಹಿಂದಿನ ಫ್ರಾಂಟಲ್, ನೆತ್ತಿಯ ಪೆರೈಟಲ್, ಕಿವಿಯ ಬಳಿಯ ಟೆಂಪೊರಲ್, ಹಿಂದಲೆಯ ಆಕ್ಸಿಪಿಟಲ್. ಹೊರಪದರದ ಕೆಳಗೆ ಇರುವುದು ಬಿಳಿ ದ್ರವ್ಯ, ಅಂದರೆ ದೂರದ ಭಾಗಗಳನ್ನು ಬೆಸೆಯುವ ನರತಂತುಗಳ ಕಟ್ಟುಗಳು. ಎರಡು ಅರ್ಧಗೋಳಗಳ ನಡುವಿನ ಕಾರ್ಪಸ್ ಕಲೋಸಮ್ ಎಂಬ ಕಟ್ಟಿನಲ್ಲೇ ಸುಮಾರು 20 ಕೋಟಿ ತಂತುಗಳಿವೆ. ಇನ್ನೂ ಆಳದಲ್ಲಿ ಥಲಾಮಸ್, ಚಲನೆ ಮತ್ತು ಅಭ್ಯಾಸಗಳಿಗೆ ಬೇಕಾದ ಬೇಸಲ್ ಗ್ಯಾಂಗ್ಲಿಯ, ನೆನಪಿಗೆ ಬೇಕಾದ ಹಿಪೊಕ್ಯಾಂಪಸ್, ಭಯವನ್ನು ಗುರುತಿಸುವಲ್ಲಿ ಪಾಲುಳ್ಳ ಅಮಿಗ್ಡಲ ಇವೆ.

ಕೊರ್ಬಿನಿಯನ್ ಬ್ರಾಡ್‌ಮನ್ 1909ರಲ್ಲಿ ನರಕೋಶಗಳ ಜೋಡಣೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಹೊರಪದರವನ್ನು ವಿಂಗಡಿಸಿ ಸಂಖ್ಯೆ ಕೊಟ್ಟ. ವೈದ್ಯರು ಇಂದಿಗೂ ಆ ಸಂಖ್ಯೆಗಳನ್ನೇ ಬಳಸುತ್ತಾರೆ. ಎಂಆರ್‌ಐ ಚಿತ್ರಗಳ ಆಧಾರದ ಮೇಲೆ 2016ರಲ್ಲಿ ಪ್ರಕಟವಾದ ನಕ್ಷೆಯೊಂದು ಪ್ರತಿ ಅರ್ಧಗೋಳದಲ್ಲಿ 180 ಪ್ರದೇಶಗಳನ್ನು ಗುರುತಿಸಿದೆ.

ಭಾಷೆಯ ನೆಲೆ

ಪ್ಯಾರಿಸ್ಸಿನ ಬಳಿಯ ಬಿಸೆತ್ರ್ ಆಸ್ಪತ್ರೆಯಲ್ಲಿ ಲೆಬೋರ್ನ್ ಎಂಬ ರೋಗಿ 21 ವರ್ಷ ಇದ್ದ. ಏನು ಕೇಳಿದರೂ ಅವನ ಬಾಯಿಂದ ಬರುತ್ತಿದ್ದುದು ‘ಟಾನ್, ಟಾನ್’ ಎಂಬ ಸದ್ದು. ಅಪರೂಪಕ್ಕೆ ಸಿಟ್ಟು ಬಂದಾಗ ಒಂದು ಬೈಗುಳ ಹೊರಡುತ್ತಿತ್ತು. ಹೇಳಿದ್ದು ಅವನಿಗೆ ಅರ್ಥವಾಗುತ್ತಿತ್ತು, ಸನ್ನೆಯಿಂದ ಉತ್ತರಿಸುತ್ತಿದ್ದ. 1861ರ ಏಪ್ರಿಲ್ 17ರಂದು ಅವನು ತೀರಿಕೊಂಡಾಗ ಶಸ್ತ್ರವೈದ್ಯ ಪಾಲ್ ಬ್ರೋಕಾ ಮಿದುಳನ್ನು ಪರೀಕ್ಷಿಸಿ, ಎಡ ಫ್ರಾಂಟಲ್ ಹಾಲೆಯ ಕೆಳಭಾಗದಲ್ಲಿ ಹಾನಿಯನ್ನು ಕಂಡ. ಇಂಥ ಇನ್ನಷ್ಟು ರೋಗಿಗಳನ್ನು ನೋಡಿ, ನಾವು ಮಾತಾಡುವುದು ಎಡ ಅರ್ಧಗೋಳದಿಂದ ಎಂದು 1865ರಲ್ಲಿ ಸಾರಿದ. ಮಿದುಳಿನ ಇಂತಿಷ್ಟೇ ಜಾಗಕ್ಕೆ ಮನಸ್ಸಿನ ಒಂದು ಸಾಮರ್ಥ್ಯವನ್ನು ಪುರಾವೆಸಮೇತ ಜೋಡಿಸಿ ವೈದ್ಯಲೋಕವನ್ನು ಒಪ್ಪಿಸಿದ ಮೊದಲ ದೊಡ್ಡ ನಿದರ್ಶನ ಇದು.

ಇದಕ್ಕೆ ಮುಂಚೆ ಫ್ರಾನ್ಸ್ ಜೋಸೆಫ್ ಗಾಲ್ ತಲೆಬುರುಡೆಯ ಉಬ್ಬುತಗ್ಗುಗಳನ್ನು ತಡವಿ ಗುಣಸ್ವಭಾವ ಹೇಳುವ ವಿದ್ಯೆಯೊಂದನ್ನು ಹರಡಿದ್ದ. ಅವನ ವಿಧಾನ ಪೂರ್ತಿ ತಪ್ಪು. ಹೊರಪದರದ ಬೇರೆ ಬೇರೆ ಭಾಗಗಳಿಗೆ ಬೇರೆ ಬೇರೆ ಕೆಲಸಗಳಿವೆ ಎಂಬ ಅವನ ಮೂಲ ಊಹೆ ಮಾತ್ರ ಉಳಿಯಿತು.

1874ರಲ್ಲಿ, ಇನ್ನೂ 26 ವರ್ಷದವನಾಗಿದ್ದ ಕಾರ್ಲ್ ವೆರ್ನಿಕೆ ಬೇರೊಂದು ಬಗೆಯ ಅಫೇಸಿಯವನ್ನು, ಅಂದರೆ ಮಿದುಳಿನ ಹಾನಿಯಿಂದ ಬರುವ ಭಾಷೆಯ ತೊಂದರೆಯನ್ನು, ವಿವರಿಸಿದ. ಈ ರೋಗಿಗಳ ಮಾತು ನಿರರ್ಗಳವಾಗಿ ಹರಿಯುತ್ತದೆ, ಏರಿಳಿತವೂ ಸರಿಯಾಗಿರುತ್ತದೆ, ಅರ್ಥ ಮಾತ್ರ ಇರುವುದಿಲ್ಲ. ಪದಗಳು ಅದಲುಬದಲಾಗುತ್ತವೆ, ಇಲ್ಲದ ಪದಗಳು ಹುಟ್ಟುತ್ತವೆ, ಎದುರಿನವರು ಹೇಳಿದ್ದು ತಿಳಿಯುವುದಿಲ್ಲ. ಹಾನಿ ಇರುವುದು ಎಡ ಟೆಂಪೊರಲ್ ಹಾಲೆಯ ಹಿಂಭಾಗದಲ್ಲಿ. ವೆರ್ನಿಕೆಯ ನಿಜವಾದ ಕೊಡುಗೆ ಈ ಜಾಗಕ್ಕಿಂತ ದೊಡ್ಡದು. ಎರಡು ಕೇಂದ್ರಗಳೂ ಸುಸ್ಥಿತಿಯಲ್ಲಿದ್ದು ನಡುವಿನ ತಂತುಗಳಷ್ಟೇ ಹಾಳಾದರೆ ಮೂರನೆಯ ಬಗೆಯ ತೊಂದರೆ ಬರಬೇಕೆಂದು ಅವನು ತರ್ಕಿಸಿದ. ಬೆಂಗಳೂರಿನ ನಿಲ್ದಾಣವೂ ಹುಬ್ಬಳ್ಳಿಯ ನಿಲ್ದಾಣವೂ ಚೆನ್ನಾಗಿದ್ದು ಅರಸೀಕೆರೆಯ ಹತ್ತಿರ ಹಳಿ ಕಿತ್ತುಹೋದರೆ ರೈಲು ತಲುಪದು, ಹಾಗೆ. ಅರ್ಥವಾಗುತ್ತದೆ, ಮಾತೂ ಬರುತ್ತದೆ, ಆದರೆ ಕೇಳಿದ ವಾಕ್ಯವನ್ನು ಹಾಗೆಯೇ ತಿರುಗಿ ಹೇಳಲಾಗುವುದಿಲ್ಲ ಎಂಬ ರೋಗಿಗಳು ನಿಜಕ್ಕೂ ಇದ್ದಾರೆ.

ಈ ಸಂಪರ್ಕದ ವಾದಕ್ಕೆ ಅತ್ಯಂತ ಸೊಗಸಾದ ಪುರಾವೆ ಒದಗಿಸಿದವನು ಜೂಲ್ ಡೆಜೆರಿನ್. ಅವನು 1892ರಲ್ಲಿ ವರದಿಮಾಡಿದ ರೋಗಿ ಬರೆಯಬಲ್ಲವನಾಗಿದ್ದ, ತಾನೇ ಬರೆದದ್ದನ್ನು ಓದಲಾರದವನಾಗಿದ್ದ. ನೋಟವನ್ನು ಗ್ರಹಿಸುವ ಭಾಗದಿಂದ ಎಡಗಡೆಯ ಭಾಷಾಭಾಗಕ್ಕೆ ಹೋಗುವ ದಾರಿ ಕಡಿದುಹೋಗಿತ್ತು. ಮರೆತುಹೋಗಿದ್ದ ಈ ಚಿಂತನೆಯನ್ನು ನಾರ್ಮನ್ ಗೆಶ್ವಿಂಡ್ 1965ರಲ್ಲಿ ಮತ್ತೆ ಮುನ್ನೆಲೆಗೆ ತಂದ. ಮೂರು ವರ್ಷಗಳ ನಂತರ ಅವನು ಮತ್ತು ವಾಲ್ಟರ್ ಲೆವಿಟ್‌ಸ್ಕಿ 100 ಮಿದುಳುಗಳನ್ನು ಅಳೆದು, ಟೆಂಪೊರಲ್ ಹಾಲೆಯ ಮೇಲ್ಮೈಯ ಒಂದು ಪಟ್ಟಿ 65ರಲ್ಲಿ ಎಡಗಡೆ ದೊಡ್ಡದಾಗಿರುವುದನ್ನು ತೋರಿಸಿದರು.

ಬಲಗೈ ಬಳಸುವವರಲ್ಲಿ ಶೇ. 95ರಷ್ಟು ಮಂದಿಗೆ ಭಾಷೆಯ ಹೆಚ್ಚಿನ ಭಾರ ಎಡ ಅರ್ಧಗೋಳದ ಮೇಲೆ ಬೀಳುತ್ತದೆ. ಎಡಗೈಯವರಲ್ಲೂ ಸುಮಾರು ಶೇ. 70 ಮಂದಿಗೆ ಹಾಗೆಯೇ. ಕಿವುಡರ ಸನ್ನೆಭಾಷೆಯೂ ಇದೇ ನಿಯಮಕ್ಕೆ ಒಳಪಟ್ಟಿದೆ. ಸನ್ನೆಭಾಷೆಗೆ ಕೈಗಳೂ ನೋಟವೂ ಸಾಧನಗಳಾದ್ದರಿಂದ ಅದು ಬಲ ಅರ್ಧಗೋಳದಲ್ಲಿರಬಹುದೆಂದು ಊಹಿಸುವುದು ಸಹಜ. ಆದರೆ ಎಡಭಾಗಕ್ಕೆ ಹಾನಿಯಾದ ಕಿವುಡರಲ್ಲಿ ಸನ್ನೆಗಳ ವ್ಯಾಕರಣವೇ ಕುಸಿಯುತ್ತದೆಂದು ಉರ್ಸುಲಾ ಬೆಲ್ಲೂಗಿ ಮತ್ತು ಸಂಗಡಿಗರ ಅಧ್ಯಯನಗಳು ಸ್ಥಾಪಿಸಿದವು. ಎಡ ಮಿದುಳು ಆಯ್ದುಕೊಂಡಿರುವುದು ಸದ್ದನ್ನಲ್ಲ, ಭಾಷೆಯನ್ನು. ಭಾಷೆ ಬರೀ ಬಾಯಿಯ ವ್ಯವಹಾರವೆಂದು ತಿಳಿದವರಿಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ. ಬಲ ಅರ್ಧಗೋಳವೂ ಸುಮ್ಮನಿರುವುದಿಲ್ಲ. ದನಿಯ ಏರಿಳಿತದಲ್ಲಿರುವ ಭಾವ, ವ್ಯಂಗ್ಯ, ಹಾಸ್ಯ, ಒಂದು ಕಥೆಯ ಒಟ್ಟು ಸಾರ ಇವನ್ನು ಹಿಡಿಯುವಲ್ಲಿ ಅದರ ಪಾಲು ದೊಡ್ಡದು.

2007ರಲ್ಲಿ ನೀನಾ ಡ್ರಾಂಕರ್ಸ್ ಮತ್ತು ಜೊತೆಗಾರರು ಪ್ಯಾರಿಸ್ಸಿನಲ್ಲಿ ಉಳಿಸಿಟ್ಟಿದ್ದ ಲೆಬೋರ್ನ್‌ನ ಮಿದುಳನ್ನು ಎಂಆರ್‌ಐ ಯಂತ್ರಕ್ಕೆ ಒಡ್ಡಿದರು. ಹಾನಿ ಬ್ರೋಕಾ ಹೊರಗಿನಿಂದ ಕಂಡದ್ದಕ್ಕಿಂತ ಬಹಳ ಆಳಕ್ಕೆ, ಮುಂದಿನ ಮತ್ತು ಹಿಂದಿನ ಭಾಗಗಳನ್ನು ಜೋಡಿಸುವ ತಂತುಗಳವರೆಗೂ ಹಬ್ಬಿತ್ತು. ಬ್ರೋಕಾ ಗುರುತಿಸಿದ, ಅವನ ಹೆಸರಿನಿಂದಲೇ ಕರೆಯುವ ಪ್ರದೇಶಕ್ಕೆ ಮಾತ್ರ ಹಾನಿಯಾದರೆ ಲೆಬೋರ್ನ್‌ನಂಥ ಶಾಶ್ವತವಾದ ಮಾತಿನ ತೊಂದರೆ, ಅಂದರೆ ಬ್ರೋಕಾ ಅಫೇಸಿಯ, ಬರುವುದಿಲ್ಲ ಎಂಬುದು ಇಂದು ಗೊತ್ತಿರುವ ಸಂಗತಿ. ಈಗ ಹೆಚ್ಚು ಒಪ್ಪಿತವಾದ ಚಿತ್ರ ಗ್ರೆಗರಿ ಹಿಕಾಕ್ ಮತ್ತು ಡೇವಿಡ್ ಪಾಪೆಲ್ ರೂಪಿಸಿದ ಎರಡು ಹಾದಿಗಳದ್ದು. ಕೆಳಗಿನ ಹಾದಿ ಸದ್ದಿನಿಂದ ಅರ್ಥಕ್ಕೆ ಹೋಗುತ್ತದೆ, ಮೇಲಿನ ಹಾದಿ ಸದ್ದಿನಿಂದ ಉಚ್ಚಾರಣೆಗೆ. ಪಠ್ಯಪುಸ್ತಕಗಳಲ್ಲಿ ಎರಡು ಚುಕ್ಕೆ, ಒಂದು ಬಾಣವಾಗಿ ಉಳಿದಿರುವ ಹಳೆಯ ಚಿತ್ರವನ್ನು ಬದಲಿಸುವ ಕಾಲ ಬಂದಿದೆ.

ಕನ್ನಡದಂಥ ಭಾಷೆಗಳ ಸಾಕ್ಷ್ಯ

ಅಫೇಸಿಯದ ಸಿದ್ಧಾಂತಗಳು ಹುಟ್ಟಿದ್ದು ಫ್ರೆಂಚ್, ಜರ್ಮನ್, ಇಂಗ್ಲಿಷ್ ಮಾತಾಡುವ ರೋಗಿಗಳಿಂದ. ಬ್ರೋಕಾ ಅಫೇಸಿಯದ ರೋಗಿಗಳು ವ್ಯಾಕರಣದ ಸಣ್ಣಪುಟ್ಟ ಅಂಶಗಳನ್ನು ಬಿಟ್ಟು ಮುಖ್ಯ ಪದಗಳನ್ನಷ್ಟೇ ಉಸುರುತ್ತಾರೆ ಎಂಬುದು ಇಂಗ್ಲಿಷಿಗೆ ಚೆನ್ನಾಗಿ ಹೊಂದುವ ವಿವರಣೆ. ಅಲ್ಲಿ ಪ್ರತ್ಯಯ ಉದುರಿದರೂ ಪದ ಉಳಿಯುತ್ತದೆ. ಕನ್ನಡದ ಕ್ರಿಯಾಪದದಲ್ಲಿ ಕಾಲ, ಲಿಂಗ, ವಚನಗಳು ಧಾತುವಿಗೆ ಅಂಟಿಕೊಂಡೇ ಬರುತ್ತವೆ. ಪ್ರತ್ಯಯ ಕಳಚಿದರೆ ಹಲವು ಸಲ ಉಳಿಯುವುದು ಮಾತಿನಲ್ಲಿ ಬಳಸಲಾಗದ ತುಣುಕು. ಇಟಾಲಿಯನ್, ಹೀಬ್ರೂ ಮೊದಲಾದ ಪ್ರತ್ಯಯಸಮೃದ್ಧ ಭಾಷೆಗಳ ರೋಗಿಗಳು ಪ್ರತ್ಯಯವನ್ನು ಬಿಡುವ ಬದಲು ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕುತ್ತಾರೆಂದು ಅಧ್ಯಯನಗಳು ತೋರಿಸಿವೆ. ಮಿದುಳಿನ ಹಾನಿ ಒಂದೇ ಇದ್ದರೂ ಅದು ಮಾತಿನಲ್ಲಿ ಕಾಣಿಸಿಕೊಳ್ಳುವ ರೂಪವನ್ನು ಆಯಾ ಭಾಷೆ ನಿರ್ಧರಿಸುತ್ತದೆ. ಹೀಗಾಗಿ ಇಂಗ್ಲಿಷ್ ಪರೀಕ್ಷೆಯನ್ನು ಭಾಷಾಂತರಿಸಿ ಕನ್ನಡದ ರೋಗಿಯ ಮುಂದಿಟ್ಟರೆ ಸಾಲದು.

ಈ ಕೆಲಸದಲ್ಲಿ ಕರ್ನಾಟಕದ ಪಾಲು ಗಣನೀಯ. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಕನ್ನಡಕ್ಕೆಂದೇ ಪರೀಕ್ಷೆಗಳನ್ನು ಬೆಳೆಸಿತು. ಪ್ರತಿಭಾ ಕಾರಂತ ಅವರು ಕನ್ನಡದ ಧ್ವನಿ, ವಾಕ್ಯ, ಅರ್ಥಗಳ ಮಟ್ಟದಲ್ಲಿ ಭಾಷಾಸಾಮರ್ಥ್ಯವನ್ನು ಅಳೆಯುವ ಪರೀಕ್ಷೆಯೊಂದನ್ನು ರೂಪಿಸಿದರು. ಕನ್ನಡ ಮತ್ತು ಇಂಗ್ಲಿಷ್ ಎರಡನ್ನೂ ಬಲ್ಲ ವ್ಯಕ್ತಿಯೊಬ್ಬರಲ್ಲಿ ಓದುವ ಶಕ್ತಿ ಮಾತ್ರ ಅಳಿದ ಪ್ರಕರಣವನ್ನು 1981ರಲ್ಲಿ ವರದಿ ಮಾಡಿದರು. ಬೆಂಗಳೂರಿನಲ್ಲಿ ಸೋನಾಲಿ ನಾಗ್ ನಡೆಸಿದ ಅಧ್ಯಯನಗಳ ಪ್ರಕಾರ ಕನ್ನಡದ ಮಕ್ಕಳು ಕಾಗುಣಿತ, ಒತ್ತಕ್ಷರಗಳನ್ನು ಪೂರ್ತಿ ಕೈವಶ ಮಾಡಿಕೊಳ್ಳಲು ಪ್ರಾಥಮಿಕ ಶಾಲೆಯ ಹಲವು ವರ್ಷಗಳು ಬೇಕು. ಇಂಗ್ಲಿಷ್ ವರ್ಣಮಾಲೆ ಕಲಿಯಲು ಬೇಕಾದ ಅವಧಿಯನ್ನು ಅಳತೆಗೋಲಾಗಿ ಹಿಡಿದು ಕನ್ನಡದ ಮಗುವನ್ನು ಹಿಂದುಳಿದದ್ದೆಂದು ಕರೆಯುವುದು ಅನ್ಯಾಯ.

ಓದು ಮಿದುಳನ್ನೇ ಬದಲಿಸುತ್ತದೆ. ಲಿಪಿ ಹುಟ್ಟಿ ಕೆಲವೇ ಸಾವಿರ ವರ್ಷಗಳಾದ್ದರಿಂದ ಅದಕ್ಕೆಂದೇ ಒಂದು ಭಾಗ ಮಿದುಳಿನಲ್ಲಿ ವಿಕಾಸಗೊಂಡಿರಲು ಸಾಧ್ಯವಿಲ್ಲ. ವಸ್ತುಗಳನ್ನೂ ಮುಖಗಳನ್ನೂ ಗುರುತಿಸುವ ಹೊರಪದರದ ಒಂದು ತುಂಡು ಓದು ಕಲಿತ ಮೇಲೆ ಅಕ್ಷರಗಳಿಗೆ ಒಗ್ಗಿಕೊಳ್ಳುತ್ತದೆ. ಲಖನೌ ಸುತ್ತಲಿನ ಹಳ್ಳಿಗಳ ಅನಕ್ಷರಸ್ಥ ವಯಸ್ಕರಿಗೆ ಆರು ತಿಂಗಳು ದೇವನಾಗರಿ ಕಲಿಸಿ ನಡೆಸಿದ, 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೊರಪದರವಷ್ಟೇ ಅಲ್ಲದೆ ಆಳದ ಥಲಾಮಸ್ ಮತ್ತು ಮಿದುಳುಕಾಂಡದ ಜೊತೆಗಿನ ಸಂಪರ್ಕವೂ ಬದಲಾದದ್ದು ಕಂಡುಬಂತು.

ಎರಡು ಮೂರು ಭಾಷೆಗಳಲ್ಲಿ ಬದುಕುವುದು ನಮ್ಮಲ್ಲಿ ಸಾಮಾನ್ಯ. ಹೈದರಾಬಾದಿನ ನಿಜಾಮ್ಸ್ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಮರೆವಿನ ಕಾಯಿಲೆಯ 648 ರೋಗಿಗಳ ದಾಖಲೆ ಪರಿಶೀಲಿಸಿ, ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡದ್ದನ್ನು 2013ರಲ್ಲಿ ವರದಿ ಮಾಡಿದರು. ಶಾಲೆಯ ಮುಖ ಕಾಣದವರಲ್ಲೂ ಈ ವ್ಯತ್ಯಾಸವಿತ್ತು, ಆದ್ದರಿಂದ ಇದನ್ನು ವಿದ್ಯಾಭ್ಯಾಸದ ಫಲವೆಂದು ತಳ್ಳಿಹಾಕಲಾಗದು. ಆದರೆ ಬೇರೆ ದೇಶಗಳ ಅಧ್ಯಯನಗಳಲ್ಲಿ ಕೆಲವು ಇದನ್ನು ಸಮರ್ಥಿಸಿಲ್ಲ.

ನೆನಪು, ಗಮನ, ಅರಿವು

ನೆನಪಿನ ವಿಜ್ಞಾನ ಒಬ್ಬ ಮನುಷ್ಯನಿಗೆ ಋಣಿ. ಹೆನ್ರಿ ಮೊಲೈಸನ್‌ಗೆ ತೀವ್ರ ಮೂರ್ಛೆರೋಗವಿತ್ತು. 1953ರಲ್ಲಿ, 27ನೆಯ ವಯಸ್ಸಿನಲ್ಲಿ, ಶಸ್ತ್ರವೈದ್ಯ ವಿಲಿಯಂ ಸ್ಕೋವಿಲ್ ಅವನ ಎರಡೂ ಕಡೆಯ ಹಿಪೊಕ್ಯಾಂಪಸ್‌ನ ಬಹುಭಾಗವನ್ನೂ ಸುತ್ತಲಿನ ಅಂಗಾಂಶವನ್ನೂ ತೆಗೆದ. ಮೂರ್ಛೆ ಕಡಿಮೆಯಾಯಿತು. ಆದರೆ ಅಂದಿನಿಂದ 2008ರಲ್ಲಿ ಸಾಯುವವರೆಗೆ ಅವನಲ್ಲಿ ಹೊಸ ಅನುಭವವೊಂದೂ ನೆನಪಾಗಿ ನಿಲ್ಲಲಿಲ್ಲ. ಬುದ್ಧಿಶಕ್ತಿ ಕುಂದಿರಲಿಲ್ಲ, ಮಾತು ಸರಿಯಿತ್ತು, ಬಾಲ್ಯದ ನೆನಪುಗಳಿದ್ದವು. ಬ್ರೆಂಡಾ ಮಿಲ್ನರ್ ಅವನಿಗೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆ ಎಳೆಯುವ ಅಭ್ಯಾಸ ಕೊಟ್ಟಳು. ದಿನದಿಂದ ದಿನಕ್ಕೆ ಅವನ ಕೈ ಪಳಗಿತು, ಹಿಂದೆ ಎಂದಾದರೂ ಹಾಗೆ ಮಾಡಿದ್ದು ಮಾತ್ರ ಅವನಿಗೆ ಗೊತ್ತಿರಲಿಲ್ಲ. ಸಂಗತಿಗಳ ನೆನಪು ಬೇರೆ, ಕೈಗೂಡಿದ ಕೌಶಲದ ನೆನಪು ಬೇರೆ, ಅವುಗಳಿಗೆ ಆಧಾರವಾದ ರಚನೆಗಳೂ ಬೇರೆ ಎಂಬ ತಿಳಿವು ಹೀಗೆ ಬಂತು.

ಅನುಭವ ಹಿಪೊಕ್ಯಾಂಪಸ್‌ನ ಗಾತ್ರವನ್ನೂ ಬದಲಿಸಬಲ್ಲದು. ಲಂಡನ್ನಿನ ಟ್ಯಾಕ್ಸಿ ಚಾಲಕರು ಪರವಾನಗಿಗಾಗಿ ಸುಮಾರು 25,000 ಬೀದಿಗಳ ವಿನ್ಯಾಸ ಬಾಯಿಪಾಠ ಮಾಡಬೇಕು. ಅವರ ಹಿಪೊಕ್ಯಾಂಪಸ್‌ನ ಹಿಂಭಾಗ ಇತರರಿಗಿಂತ ದೊಡ್ಡದೆಂದು ಎಲಿನರ್ ಮಗ್ವೈರ್ 2000ದಲ್ಲಿ ವರದಿ ಮಾಡಿದಳು. ಹುಟ್ಟಿನಿಂದಲೇ ಹಾಗಿದ್ದವರು ಚಾಲಕರಾದರೆ? ಈ ಆಕ್ಷೇಪಕ್ಕೆ 2011ರ ಮತ್ತೊಂದು ಅಧ್ಯಯನ ಉತ್ತರ ಕೊಟ್ಟಿತು. ತರಬೇತಿ ಮುಗಿಸಿ ಪಾಸಾದವರಲ್ಲಿ ಆ ಭಾಗ ಹಿಗ್ಗಿತ್ತು, ಪಾಸಾಗದವರಲ್ಲಿ ಹಿಗ್ಗಿರಲಿಲ್ಲ.

ಬಲ ಪೆರೈಟಲ್ ಹಾಲೆಗೆ ಲಕ್ವದಿಂದ ಪೆಟ್ಟುಬಿದ್ದವರಲ್ಲಿ ಕೆಲವರು ಜಗತ್ತಿನ ಎಡಭಾಗವನ್ನೇ ಗಮನಿಸುವುದಿಲ್ಲ. ತಟ್ಟೆಯ ಬಲಗಡೆಯ ಅನ್ನ ಉಂಡು ಎಡಗಡೆಯದನ್ನು ಬಿಡುತ್ತಾರೆ. ಕಣ್ಣು ಸರಿಯಾಗಿರುತ್ತದೆ, ಗಮನ ಆ ಕಡೆ ಹರಿಯುವುದಿಲ್ಲ. ಎರಡು ಅರ್ಧಗೋಳಗಳ ಸಂಪರ್ಕ ಕತ್ತರಿಸಿದ ರೋಗಿಗಳನ್ನು ಪರೀಕ್ಷಿಸಿದ ರೋಜರ್ ಸ್ಪೆರಿಗೆ 1981ರ ನೊಬೆಲ್ ಬಂತು. ಅಂಥವರ ದೃಷ್ಟಿಯ ಎಡಪಾರ್ಶ್ವದಲ್ಲಿ ವಸ್ತುವಿನ ಚಿತ್ರ ತೋರಿಸಿದರೆ ಏನೂ ಕಾಣಲಿಲ್ಲ ಎನ್ನುತ್ತಿದ್ದರು, ಎಡಗೈ ಮಾತ್ರ ತಡಕಾಡಿ ಅದೇ ವಸ್ತುವನ್ನು ಎತ್ತಿಕೊಳ್ಳುತ್ತಿತ್ತು. ಎಡ ಮಿದುಳಿನವರು ತಾರ್ಕಿಕರು, ಬಲ ಮಿದುಳಿನವರು ಕಲಾವಿದರು ಎಂಬ ಜನಪ್ರಿಯ ವಿಂಗಡಣೆ ಈ ಪ್ರಯೋಗಗಳಿಂದ ಹುಟ್ಟಿದ ಅತಿರೇಕ. ಮನುಷ್ಯರಲ್ಲಿ ಅಂಥ ಎರಡು ಜಾತಿಗಳಿಲ್ಲ.

ವರ್ತನೆ

1848ರ ಸೆಪ್ಟೆಂಬರ್ 13ರಂದು ಅಮೆರಿಕದ ವರ್ಮಾಂಟ್‌ನಲ್ಲಿ ರೈಲುಹಾದಿಗಾಗಿ ಬಂಡೆ ಸಿಡಿಸುತ್ತಿದ್ದಾಗ ಸುಮಾರು 6 ಕಿಲೊ ತೂಕದ ಕಬ್ಬಿಣದ ಸಲಾಕೆ ಮೇಸ್ತ್ರಿ ಫಿನಿಯಸ್ ಗೇಜ್‌ನ ಎಡಗೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಬಿತ್ತು. ಅವನು ಬದುಕಿದ. ಶಾಂತನೂ ದಕ್ಷನೂ ಆಗಿದ್ದವನು ಒರಟನೂ ಚಂಚಲನೂ ಆದನೆಂದು ವೈದ್ಯ ಜಾನ್ ಹಾರ್ಲೊ ಬರೆದ. ಫ್ರಾಂಟಲ್ ಹಾಲೆಯ ಮುಂಭಾಗಕ್ಕೂ ಸಂಯಮ, ದೂರದೃಷ್ಟಿಗಳಿಗೂ ನಂಟಿದೆ ಎನ್ನಲು ಇಂದಿಗೂ ಈ ಕಥೆ ಹೇಳುತ್ತಾರೆ. ಆದರೆ ಅದೇ ಗೇಜ್ ಮುಂದೆ ಚಿಲಿ ದೇಶದಲ್ಲಿ ವರ್ಷಗಟ್ಟಲೆ ಕುದುರೆಗಾಡಿ ಓಡಿಸಿದ. ಹೊಸ ನಾಡು, ಹೊಸ ಭಾಷೆ, ಪ್ರಯಾಣಿಕರ ಜವಾಬ್ದಾರಿ ಇದ್ದ ಕೆಲಸ ಅದು. ಹಾನಿಗೊಂಡ ಮಿದುಳೂ ಕ್ರಮಬದ್ಧ ದುಡಿಮೆಯ ನಡುವೆ ಚೇತರಿಸಿಕೊಳ್ಳಬಲ್ಲದು ಎಂಬ ಈ ಉತ್ತರಾರ್ಧವನ್ನು ಹೇಳದಿದ್ದರೆ ಕಥೆ ಅರ್ಧಸತ್ಯವಾಗುತ್ತದೆ.

ಈ ನಂಟಿನ ಅರೆಬರೆ ತಿಳಿವು ಘೋರ ಫಲವನ್ನೂ ಕೊಟ್ಟಿದೆ. ಫ್ರಾಂಟಲ್ ಹಾಲೆಯ ತಂತುಗಳನ್ನು ಕತ್ತರಿಸಿ ಮನೋರೋಗ ಗುಣಪಡಿಸುವ ಶಸ್ತ್ರಕ್ರಿಯೆಯನ್ನು ಎಗಾಸ್ ಮೋನಿಜ್ 1935ರಲ್ಲಿ ಶುರುಮಾಡಿದ, 1949ರಲ್ಲಿ ನೊಬೆಲ್ ಕೂಡ ಪಡೆದ. ಸಾವಿರಾರು ರೋಗಿಗಳು ಗಲಾಟೆಯ ಜೊತೆಗೆ ತಮ್ಮ ವ್ಯಕ್ತಿತ್ವವನ್ನೂ ಕಳೆದುಕೊಂಡರು. ವೈದ್ಯವಿಜ್ಞಾನದ ಇತಿಹಾಸದಲ್ಲಿ ಇದು ಕಳಂಕವೇ.

ಫ್ರಾಂಟಲ್ ಹಾಲೆಯ ಮುಂಭಾಗ ಪಕ್ವವಾಗುವುದು ಎಲ್ಲಕ್ಕಿಂತ ಕೊನೆಗೆ, ಇಪ್ಪತ್ತರ ಹರೆಯದ ನಡುವಿನ ಹೊತ್ತಿಗೆ. ಹದಿಹರೆಯದ ದುಡುಕಿಗೆ ಇದೂ ಒಂದು ಕಾರಣ. ಭಾಷೆಯ ಧ್ವನಿಗಳ ವಿಷಯದಲ್ಲಿ ಮಿದುಳು ತೀರಾ ಬೇಗ ಪಟ್ಟುಹಿಡಿಯುತ್ತದೆ. ಇಂಗ್ಲಿಷ್ ಪರಿಸರದ ಆರೆಂಟು ತಿಂಗಳ ಕೂಸುಗಳು ಹಿಂದಿಯ ತಕಾರ, ಟಕಾರಗಳ ವ್ಯತ್ಯಾಸ ಗುರುತಿಸುತ್ತವೆ, ವರ್ಷ ತುಂಬುವಷ್ಟರಲ್ಲಿ ಆ ಶಕ್ತಿ ಕುಗ್ಗುತ್ತದೆ ಎಂದು ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ತೋರಿಸಿದರು.

ಅಳತೆಯ ಮಿತಿ

ಮಿದುಳಿನ ಗಾತ್ರದಿಂದ ಬುದ್ಧಿಯನ್ನು ಅಳೆಯುವ ಚಪಲಕ್ಕೆ ದೀರ್ಘ ಚರಿತ್ರೆಯಿದೆ. ಬ್ರೋಕಾ ಕೂಡ ಜನಾಂಗಗಳ, ಹೆಂಗಸರ ಮಿದುಳು ತೂಗಿ ಮೇಲುಕೀಳು ಹೇಳಿದವನೇ. ಐನ್‌ಸ್ಟೈನ್‌ನ ಮಿದುಳಿನ ತೂಕ 1,230 ಗ್ರಾಂ, ಗಂಡಸರ ಸರಾಸರಿಗಿಂತ ಕಡಿಮೆ. ಎಂಆರ್‌ಐ ಯುಗದಲ್ಲೂ ಸಣ್ಣ ಗುಂಪುಗಳನ್ನು ಅಳೆದು ಮಿದುಳಿನ ಇಂಥ ಭಾಗಕ್ಕೂ ಇಂಥ ಸ್ವಭಾವಕ್ಕೂ ಸಂಬಂಧವಿದೆ ಎಂದು ಸಾರಿದ ಲೇಖನಗಳು ಬಹಳ. ಸುಮಾರು 50,000 ಜನರ ದತ್ತಾಂಶ ಪರಿಶೀಲಿಸಿ 2022ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ, ಇಂಥ ಸಂಬಂಧಗಳು ಸಾಮಾನ್ಯವಾಗಿ ತೀರಾ ದುರ್ಬಲ, ಅವನ್ನು ನಂಬಲರ್ಹವಾಗಿ ಗುರುತಿಸಲು ಸಾವಿರಾರು ಜನ ಬೇಕು ಎಂದು ಹೇಳಿತು. ಮಗುವಿನ ತಲೆಯ ಚಿತ್ರ ತೆಗೆದು ಅದರ ಭವಿಷ್ಯ ಹೇಳುತ್ತೇವೆ ಎನ್ನುವವರನ್ನು ನಂಬಲು ಆಧಾರವಿಲ್ಲ.

ಬೇಕಾಗಿರುವುದು ನಮ್ಮ ಜನರ ದೀರ್ಘಕಾಲದ ಅಧ್ಯಯನಗಳು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ವರ್ಷಗಳ ಕಾಲ ಗಮನಿಸುವ ಯೋಜನೆ ಕೈಗೊಂಡಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ದಾನವಾಗಿ ಬಂದ ಮಿದುಳುಗಳ ಭಂಡಾರವಿದೆ. ಅಲ್ಲಿನ ಸಂಗ್ರಹಾಲಯದಲ್ಲಿ ಸಾರ್ವಜನಿಕರು ನಿಜವಾದ ಮಿದುಳನ್ನು ಮುಟ್ಟಿ ನೋಡಬಹುದು.

ಹಾನಿ ಮತ್ತು ಚೇತರಿಕೆ

ಎಡ ಅರ್ಧಗೋಳದ ಭಾಷಾಭಾಗಗಳಿಗೆ ರಕ್ತ ಒಯ್ಯುವುದು ಮುಖ್ಯವಾಗಿ ಒಂದೇ ಅಪಧಮನಿ. ಅದು ಕಟ್ಟಿದರೆ ಮಾತು ಹೋಗುತ್ತದೆ. ಲಕ್ವ ಹೊಡೆದವರಲ್ಲಿ ಸುಮಾರು ಮೂರರಲ್ಲೊಬ್ಬರಿಗೆ ಆರಂಭದಲ್ಲಿ ಅಫೇಸಿಯ ಇರುತ್ತದೆ. ಎಳೆಯ ಮಕ್ಕಳಲ್ಲಿ ಎಡ ಅರ್ಧಗೋಳ ಹಾನಿಗೊಂಡರೆ ಬಲ ಅರ್ಧಗೋಳ ಭಾಷೆಯನ್ನು ವಹಿಸಿಕೊಳ್ಳಬಲ್ಲದು. ವಯಸ್ಕರಲ್ಲಿ ಈ ಹೊಂದಾಣಿಕೆ ಅಷ್ಟು ಸಲೀಸಲ್ಲ, ಆದರೂ ಇಲ್ಲವೆಂದಲ್ಲ. ಮೊದಲ ಮೂರು ತಿಂಗಳಲ್ಲಿ ಚೇತರಿಕೆ ವೇಗವಾಗಿರುತ್ತದೆ, ವಾಕ್ ಚಿಕಿತ್ಸೆ ಮುಂದುವರಿಸಿದರೆ ವರ್ಷಗಳ ನಂತರವೂ ಸುಧಾರಣೆ ಕಾಣಬಹುದು. ಮಾತಾಡಲಾರದ ಕೆಲವರು ಹಾಡಬಲ್ಲರು. 1973ರಲ್ಲಿ ಬಾಸ್ಟನ್ನಿನ ವೈದ್ಯರು ಇದನ್ನೇ ಬಳಸಿ ರಾಗದ ಮೂಲಕ ಮಾತಿಗೆ ದಾರಿ ತೋರುವ ಚಿಕಿತ್ಸೆ ರೂಪಿಸಿದರು.

ಅಫೇಸಿಯ ಬಂದವರಿಗೆ ಬುದ್ಧಿ ಕೆಟ್ಟಿಲ್ಲ, ಮಾತಿನ ದಾರಿ ಕೆಟ್ಟಿದೆ ಎಂಬುದು ಮನೆಯವರಿಗೆ ಮೊದಲು ತಿಳಿಯಬೇಕು. ಅವರೊಡನೆ ಸಣ್ಣ ವಾಕ್ಯಗಳಲ್ಲಿ ನಿಧಾನವಾಗಿ ಮಾತಾಡಬೇಕು, ಉತ್ತರಕ್ಕೆ ಕಾಯಬೇಕು, ಸನ್ನೆ, ಚಿತ್ರ ಬಳಸಬೇಕು. ಯಾರಿಗಾದರೂ ಇದ್ದಕ್ಕಿದ್ದಂತೆ ಮಾತು ತೊದಲಿದರೆ, ಪದ ಸಿಗದಾದರೆ, ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ ದೇವರ ಹರಕೆಗೂ ಮನೆಮದ್ದಿಗೂ ಹೊತ್ತು ಕಳೆಯದೆ ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೆ ಕರೆದೊಯ್ಯಿರಿ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು.